ರಜೆಯ ಪ್ರಯಾಣ ಮತ್ತು ಒಂದು ಲೀಟರ್ ನೀರು

ಪರೀಕ್ಷೆ ಮುಗಿಯುವ ದಿನ ಹತ್ತಿರ ಬರುತ್ತಿದ್ದಂತೆ ನಮ್ಮ ತರಗತಿಯಲ್ಲಿ ಎಲ್ಲರ ಬಾಯಲ್ಲೂ ಊರಿಗೆ ಹೋಗುವ ಮಾತೇ. ಒಬ್ಬಳು ಅಜ್ಮೀರಕ್ಕೆ, ಒಬ್ಬಳು ನಾನಿಯ ಊರಿಗೆ, ಮೂವರ ಮನೆಯಲ್ಲಿ ಮದುವೆ. ರಜೆಯ ಪ್ರಯಾಣದಲ್ಲಿ ಆರೋಗ್ಯ ಕಾಪಾಡಿಕೊಳ್ಳುವುದರ ಬಗ್ಗೆ ಬರೆಯಲು ಕನ್ನಡ ಮೇಡಂ ಹೇಳಿದಾಗ, "ನಾನು ಕಾಮರ್ಸ್‌ನವಳು ಮೇಡಂ, ಇದು ಸೈನ್ಸ್‌ನವರು ಬರೆಯುವ ವಿಷಯ ಅಲ್ಲವಾ?" ಎಂದು ಕೇಳಿದೆ. "ನೀವೆಲ್ಲ ಕಲಬುರಗಿಗೆ ಹೋಗಿ ಬಂದದ್ದು ಹೇಳಿದ್ದೆಯಲ್ಲ, ಅದನ್ನೇ ಬರಿ" ಎಂದರು. ಹಾಗಾಗಿ ಇದು ಪಾಠವೂ ಹೌದು, ನಮ್ಮ ಮನೆಯವರು ಮಾಡಿದ ತಪ್ಪುಗಳ ಲೆಕ್ಕವೂ ಹೌದು.

ಕಳೆದ ವರ್ಷ ಮೇ ತಿಂಗಳಲ್ಲಿ, ನನ್ನ ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ, ಚಾಚಾನ ಮಗಳ ಮದುವೆಗೆಂದು ದಾವಣಗೆರೆಯಿಂದ ಕಲಬುರಗಿಗೆ ಹೊರಟೆವು. ಅಬ್ಬಾ, ಅಮ್ಮಿ, ದಾದಿ ಮಾ, ಆಪಾ, ಆಪಾಳ ಒಂದೂವರೆ ವರ್ಷದ ಮಗ ಮುನ್ನಾ ಮತ್ತು ನಾನು. ರಾತ್ರಿ ಸ್ಲೀಪರ್ ಬಸ್ಸಿನಲ್ಲಿ ಹೋಗೋಣ ಎಂದು ಅಬ್ಬಾ ಹೇಳಿದರು. ಬೇಡ ಎಂದವಳು ನಾನೇ. ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಸ್ಲೀಪರ್‌ಗೆ ಆ ಸೌಲಭ್ಯವಿಲ್ಲ. ನಾವು ನಾಲ್ಕು ಜನ ಹೆಂಗಸರು. ಕಾಗದದ ಮೇಲೆ ಕೂಡಿ ಕಳೆದು, ಹಗಲು ಬಸ್ಸಿನಲ್ಲಿ ಹೋದರೆ ಅಬ್ಬಾ ಒಬ್ಬರದೇ ಖರ್ಚು ಎಂದು ತೋರಿಸಿದೆ. ಮೇ ತಿಂಗಳ ಮಧ್ಯಾಹ್ನ ಸಿಂಧನೂರು, ಲಿಂಗಸುಗೂರು ಕಡೆ ಬಿಸಿಲು ಹೇಗಿರುತ್ತದೆ ಎಂಬ ಕಾಲಮ್ಮು ಆ ಲೆಕ್ಕದಲ್ಲಿ ಇರಲಿಲ್ಲ.

ಬೆಳಿಗ್ಗೆ ಆರಕ್ಕೆ ಹೊರಟು ಹೊಸಪೇಟೆಯಲ್ಲಿ ಬಸ್ ಬದಲಿಸಿದೆವು. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ಗಂಗಾವತಿ ದಾಟಿದ ಮೇಲೆ ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದೆ ಕೂತ ಹಾಗಾಯಿತು. ಸಿಂಧನೂರು ಬಸ್ ನಿಲ್ದಾಣದಲ್ಲಿ ಬಸ್ಸು ಹದಿನೈದು ನಿಮಿಷ ನಿಂತಿತು. ಆಪಾ ಮತ್ತು ನಾನು ಐಸ್ ಹಾಕಿದ ಕಬ್ಬಿನ ಹಾಲು ಕುಡಿದೆವು. ಮುನ್ನಾ ಕೈ ಚಾಚಿದ, ಅವನಿಗೂ ನಾಲ್ಕು ಗುಟುಕು ಕುಡಿಸಿದೆವು. ಅದಾದ ಸ್ವಲ್ಪ ಹೊತ್ತಿಗೇ ಅವನಿಗೆ ಭೇದಿ ಶುರುವಾಯಿತು. ಆ ಐಸ್‌ನಿಂದಲೇ ಆಯಿತು ಎಂದು ನಾನು ಹೇಳಲಾರೆ. ಹೊಟ್ಟೆಗೆ ಸೇರಿದ ಸೋಂಕು ಕೆಲಸ ಮಾಡಲು ಹಲವು ಗಂಟೆ, ಕೆಲವೊಮ್ಮೆ ಒಂದೆರಡು ದಿನವೂ ಬೇಕಾಗುತ್ತದೆ ಎಂದು ವೈದ್ಯರು ಆಮೇಲೆ ಹೇಳಿದರು. ಹಿಂದಿನ ದಿನ ಮನೆಯಲ್ಲಿ ತಿಂದದ್ದರಿಂದಲೂ ಇರಬಹುದು. ಆದರೂ ಬೀದಿಯ ಐಸನ್ನು ಯಾವ ನೀರಿನಿಂದ ಮಾಡಿರುತ್ತಾರೆ ಎಂದು ನಮಗೆ ಗೊತ್ತಿರುವುದಿಲ್ಲ. ಮಂಜುಗಡ್ಡೆಯಾದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ.

ದಾರಿಯಲ್ಲಿ ಮಸ್ಕಿ ಬರುತ್ತದೆ. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ ಊರು ಎಂದು ಸಮಾಜ ವಿಜ್ಞಾನದಲ್ಲಿ ಓದಿದ್ದೆ, ಕಿಟಕಿಯಿಂದಲಾದರೂ ಊರು ನೋಡಬೇಕೆಂದಿದ್ದೆ. ಮಸ್ಕಿ ಬಂದಾಗ ನಾನು ಮುನ್ನಾನ ಬಟ್ಟೆ ಬದಲಿಸಲು ಚೀಲದಲ್ಲಿ ತಡಕಾಡುತ್ತಿದ್ದೆ. ಅದೇ ಅಶೋಕ ತನ್ನ ಇನ್ನೊಂದು ಶಾಸನದಲ್ಲಿ ದಾರಿಯುದ್ದಕ್ಕೂ ಬಾವಿ ತೋಡಿಸಿದ್ದನ್ನೂ ಮರ ನೆಡಿಸಿದ್ದನ್ನೂ, ಮನುಷ್ಯರಿಗೂ ಪ್ರಾಣಿಗಳಿಗೂ ಔಷಧಿಯ ವ್ಯವಸ್ಥೆ ಮಾಡಿದ್ದನ್ನೂ ಬರೆಸಿದ್ದಾನೆ. ದಾರಿಹೋಕರಿಗೆ ಮೊದಲು ಬೇಕಾದದ್ದು ನೀರು, ನೆರಳು, ಮದ್ದು ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಅವರಿಗೆ ಗೊತ್ತಿತ್ತು. ನಮ್ಮ ಚೀಲದಲ್ಲಿ ಮದುವೆಗೆ ನಾಲ್ಕು ಜೊತೆ ಬಳೆ ಇದ್ದವು, ಒಂದು ಓಆರ್‌ಎಸ್ ಪೊಟ್ಟಣ ಇರಲಿಲ್ಲ.

ಲಿಂಗಸುಗೂರಿನಲ್ಲಿ ಅಬ್ಬಾ ಓಡಿಹೋಗಿ ಅಂಗಡಿಯಿಂದ ಕಿತ್ತಳೆ ರುಚಿಯ ಒಂದು ಡಬ್ಬಿ ಪಾನೀಯ ತಂದರು. ಅದರ ಮೇಲೆ ದೊಡ್ಡದಾಗಿ ಓಆರ್‌ಎಸ್ ಎಂಬ ಅಕ್ಷರಗಳು. ನಮಗೆಲ್ಲ ಸಮಾಧಾನವಾಯಿತು. ಮುನ್ನಾ ಇಷ್ಟಪಟ್ಟು ಸ್ಟ್ರಾ ಹಾಕಿ ಕುಡಿದ. ಇನ್ನೊಂದು ಕೊಡಿಸಿದೆವು. ಜೇವರ್ಗಿ ಬರುವಷ್ಟರಲ್ಲಿ ಭೇದಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಅವನು ಅಳುವುದನ್ನೂ ನಿಲ್ಲಿಸಿ ಆಪಾಳ ತೊಡೆಯ ಮೇಲೆ ಸುಮ್ಮನೆ ಮಲಗಿದ. ಅಳು ನಿಂತಿತು ಎಂದು ನಾನು ಖುಷಿಪಟ್ಟೆ. ಅಮ್ಮಿಯ ಮುಖ ನೋಡಿದ ಮೇಲೆ ಅದು ಒಳ್ಳೆಯ ಲಕ್ಷಣವಲ್ಲ ಎಂದು ಗೊತ್ತಾಯಿತು.

ಕಲಬುರಗಿಯಲ್ಲಿ ಮದುವೆಮನೆಗೆ ಹೋಗದೆ ನೇರ ಮಕ್ಕಳ ವೈದ್ಯರ ಬಳಿ ಹೋದೆವು. ಅವರು ಮುನ್ನಾನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟರು. ಚರ್ಮ ತಟ್ಟನೆ ಕೆಳಗೆ ಇಳಿಯದೆ ನಿಧಾನವಾಗಿ ಇಳಿಯಿತು. "ನೀರು ಖಾಲಿಯಾಗಿದೆ. ಏನು ಕುಡಿಸಿದಿರಿ?" ಎಂದು ಕೇಳಿದರು. ಆಪಾ ಚೀಲದಿಂದ ಖಾಲಿ ಡಬ್ಬಿ ತೆಗೆದು ತೋರಿಸಿದಳು. ಅವರು ಅದನ್ನು ನೋಡಿ ಬೈಯಲಿಲ್ಲ. "ನಿಮ್ಮ ತಪ್ಪಲ್ಲಮ್ಮಾ, ಓದಿದವರೂ ಇದನ್ನೇ ತರುತ್ತಾರೆ" ಎಂದರು. ನರ್ಸ್ ಒಂದು ಪೊಟ್ಟಣ ಒಡೆದು ಒಂದು ಲೀಟರ್ ನೀರಿಗೆ ಕಲಸಿದರು. ಆಪಾ ಚಮಚದಲ್ಲಿ ಕುಡಿಸುತ್ತಾ ನಾಲ್ಕು ಗಂಟೆ ಅಲ್ಲೇ ಕೂತಳು. ಡ್ರಿಪ್ ಹಾಕುವ ಅಗತ್ಯ ಬೀಳಲಿಲ್ಲ. ಅಲ್ಹಮ್ದುಲಿಲ್ಲಾಹ್, ರಾತ್ರಿ ಹನ್ನೊಂದಕ್ಕೆ ಮುನ್ನಾ ಎದ್ದು ಕೂತು ವೈದ್ಯರ ಸ್ಟೆತಾಸ್ಕೋಪ್ ಎಳೆದ.

ಡಬ್ಬಿಯ ಪಾನೀಯಕ್ಕೂ ಪೊಟ್ಟಣಕ್ಕೂ ಏನು ವ್ಯತ್ಯಾಸ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ಕಾಲೇಜಿಗೆ ಸೇರಿದ ಮೇಲೆ ಜೀವಶಾಸ್ತ್ರದ ಸರ್ ಅವರನ್ನು ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಬಗೆಯ ಬಾಗಿಲುಗಳಿವೆ. ಆ ಬಾಗಿಲಿನಲ್ಲಿ ಗ್ಲೂಕೋಸ್ ಒಂದೇ ಒಳಗೆ ಹೋಗುವುದಿಲ್ಲ, ಉಪ್ಪಿನಲ್ಲಿರುವ ಸೋಡಿಯಂ ಜೊತೆಯಲ್ಲಿರಬೇಕು. ನಮ್ಮ ಅಕೌಂಟೆನ್ಸಿಯ ದ್ವಿನಮೂದು ಪದ್ಧತಿಯ ಹಾಗೆ, ಎರಡೂ ಕಡೆ ನಮೂದಾದರೆ ಮಾತ್ರ ಲೆಕ್ಕ ಮುಂದೆ ಹೋಗುತ್ತದೆ. ಇವೆರಡೂ ಒಳಗೆ ಹೋದಾಗ ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಿಲು ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಸಕ್ಕರೆ ಬೇಕಾದ್ದಕ್ಕಿಂತ ಬಹಳ ಜಾಸ್ತಿಯಾಗಿ ಉಪ್ಪು ಕಡಿಮೆಯಾದರೆ ಒಳಗೆ ಹೋಗಲಾರದ ಸಕ್ಕರೆ ಕರುಳಿನಲ್ಲೇ ಉಳಿದು ದೇಹದ ನೀರನ್ನು ತನ್ನ ಕಡೆಗೆ ಎಳೆಯುತ್ತದೆ. ಆಗ ಭೇದಿ ಹೆಚ್ಚಾಗುತ್ತದೆ. ಮುನ್ನಾನಿಗೆ ಆಗಿದ್ದು ಇದೇ.

ಅದಕ್ಕೇ ಅಳತೆ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪ್ರಕಾರ ಒಂದು ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಅಡುಗೆ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಕೂಡಿಸಿದರೆ 20.5 ಗ್ರಾಂ. ಡಬ್ಬಿ ಪಾನೀಯಗಳ ಹಿಂದೆ ಸಕ್ಕರೆಯ ಪ್ರಮಾಣವನ್ನು 100 ಮಿಲಿಲೀಟರಿಗೆ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಹತ್ತರಿಂದ ಗುಣಿಸಿ 13.5ರ ಪಕ್ಕದಲ್ಲಿಟ್ಟು ನೋಡಿ. ನಾನು ನಮ್ಮ ಡಬ್ಬಿಯದನ್ನು ನೋಡಿದೆ, ಹಲವು ಪಟ್ಟು ಹೆಚ್ಚಿತ್ತು. ಅದೇ ವರ್ಷ ಅಕ್ಟೋಬರ್ 14ರಂದು ಆಹಾರ ಸುರಕ್ಷತಾ ಪ್ರಾಧಿಕಾರವು ಆಹಾರ ಪಾನೀಯಗಳು ತಮ್ಮ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದು ಎಂದು ಆದೇಶಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಆ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅಬ್ಬಾ ಅದನ್ನು ಎರಡು ಸಲ ಓದಿ ಮಡಚಿಟ್ಟರು, ಏನೂ ಮಾತಾಡಲಿಲ್ಲ. ನಾವು ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಹಕ್ಕು ಎಂದು ಬಾಯಿಪಾಠ ಮಾಡುತ್ತೇವಲ್ಲ, ಅದರಲ್ಲಿ ಮಾಹಿತಿ ಪಡೆಯುವ ಹಕ್ಕು ಎಂದರೆ ಏನು ಎಂದು ನನಗೆ ಈಗ ಉದಾಹರಣೆ ಹುಡುಕಬೇಕಾಗಿಲ್ಲ.

ಪೊಟ್ಟಣವನ್ನು ಕಲಸುವಾಗಲೂ ತಪ್ಪಾಗಬಹುದು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಯಾವುದು ಎಂದು ಮೇಲೆ ಬರೆದಿರುತ್ತದೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಅಪಾಯ. ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕುವುದೂ ಬೇಡ, ಪುಡಿ ಸಮನಾಗಿ ಬೆರೆತಿರುವುದಿಲ್ಲ. ಪ್ರಯಾಣದಲ್ಲಿ ಅಳತೆ ಪಾತ್ರೆ ಎಲ್ಲಿ ತರುವುದು ಎಂದರೆ, ಸೀಲ್ ಒಡೆಯದ ಒಂದು ಲೀಟರಿನ ನೀರಿನ ಬಾಟಲಿಯೇ ಅಳತೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಪೊಟ್ಟಣ ಸಿಗದ ಕಡೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಸಮತಟ್ಟಾಗಿರಬೇಕು, ಗೋಪುರದ ಹಾಗೆ ತುಂಬಬಾರದು. ತಾಯಿಯ ಹಾಲು ಕುಡಿಯುವ ಮಗುವಿಗೆ ಹಾಲನ್ನು ನಿಲ್ಲಿಸಬಾರದು. ಮುನ್ನಾನಿಗೆ ವೈದ್ಯರು 14 ದಿನದ ಜಿಂಕ್ ಔಷಧಿಯನ್ನೂ ಬರೆದುಕೊಟ್ಟರು. ಮಗು ಮಂಕಾದರೆ, ಕಣ್ಣು ಒಳಗೆ ಹೋದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ ಊರು ತಲುಪುವವರೆಗೆ ಕಾಯಬಾರದು. ಮಧ್ಯದ ಊರಲ್ಲೇ ಇಳಿಯಬೇಕು ಅಥವಾ 108ಕ್ಕೆ ಕರೆ ಮಾಡಬೇಕು. ನಾವು ಲಿಂಗಸುಗೂರಿನಲ್ಲೇ ಇಳಿಯಬೇಕಿತ್ತು. ತಾಲ್ಲೂಕು ಕೇಂದ್ರ, ಸರ್ಕಾರಿ ಆಸ್ಪತ್ರೆ ಇದೆ. ಮದುವೆಮನೆಯವರು ಕಾಯುತ್ತಿರುತ್ತಾರೆ ಎಂದು ಇಳಿಯಲಿಲ್ಲ.

ಈ ಪೊಟ್ಟಣದ ಹಿಂದೆ ಒಂದು ಇತಿಹಾಸವಿದೆ. ಅದೂ ಪ್ರಯಾಣದ್ದೇ, ಆದರೆ ರಜೆಯ ಪ್ರಯಾಣವಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಸಮಯದಲ್ಲಿ ಲಕ್ಷಾಂತರ ಜನ ನಡೆದು ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್‌ನ ಶಿಬಿರದಲ್ಲಿ ಕಾಲರಾ ಹರಡಿತು. ಆಸ್ಪತ್ರೆಯ ನೆಲದ ಮೇಲೂ ರೋಗಿಗಳು. ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದವು. ಅಲ್ಲಿದ್ದ ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಆಗ ಅನೇಕ ವೈದ್ಯರಿಗೆ ಇದರ ಮೇಲೆ ನಂಬಿಕೆ ಇರಲಿಲ್ಲ. ಆದರೆ ಸುಮಾರು ಶೇಕಡ 30ರಷ್ಟಿದ್ದ ಸಾವು ಶೇಕಡ 4ಕ್ಕಿಂತ ಕೆಳಗೆ ಇಳಿಯಿತು. 2022ರಲ್ಲಿ ಅವರು ತೀರಿಕೊಂಡರು. ಮರುವರ್ಷ ಸರ್ಕಾರ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು. ಈಗ ಆ ಪೊಟ್ಟಣ ಔಷಧಿ ಅಂಗಡಿಯಲ್ಲಿ ಒಂದು ಪ್ಲೇಟ್ ಗೋಬಿ ಮಂಚೂರಿಗಿಂತ ಅಗ್ಗ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತ.

ಈಗ ದಾದಿ ಮಾ ವಿಷಯ. ಇದನ್ನು ಕಾಲೇಜಿನ ಪತ್ರಿಕೆಯಲ್ಲಿ ಬರೆಯಬಹುದೋ ಇಲ್ಲವೋ ಎಂದು ಯೋಚಿಸಿದೆ. ಅಮ್ಮಿಯನ್ನು ಕೇಳಿದೆ. "ಬರಿ, ಎಲ್ಲರ ಮನೆಯಲ್ಲೂ ಇದೇ" ಎಂದರು.

ದಾದಿ ಮಾ ಮನೆಯಿಂದ ಹೊರಟಾಗಿನಿಂದ ಕಲಬುರಗಿ ಮುಟ್ಟುವವರೆಗೆ ಎರಡು ಲೋಟ ನೀರೂ ಕುಡಿದಿರಲಿಕ್ಕಿಲ್ಲ. ಬಾಟಲಿ ಮುಂದೆ ಹಿಡಿದಾಗೆಲ್ಲ "ನಕ್ಕೋ ಬೇಟಾ, ನಕ್ಕೋ" ಎನ್ನುತ್ತಿದ್ದರು. ಬಾಯಾರಿಕೆ ಇಲ್ಲ ಎಂದುಕೊಂಡೆವು. ನಿಜವಾದ ಕಾರಣ ಬೇರೆ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಬಸ್ ನಿಲ್ದಾಣದ ಶೌಚಾಲಯ ಹೇಗಿರುತ್ತದೋ, ಕೂತು ಏಳಲು ಮೊಣಕಾಲು ಬಿಡುತ್ತದೋ ಇಲ್ಲವೋ, ಬಸ್ಸು ಬಿಟ್ಟುಹೋದರೆ ಎಂಬ ಭಯ. ಗಂಡಸರು ಎಲ್ಲಿ ಬೇಕಾದರೂ ಇಳಿಯುತ್ತಾರೆ, ಅಬ್ಬಾ ನಮಾಜಿಗೆಂದು ಇಳಿದಾಗ ಮಸೀದಿಯಲ್ಲೇ ಎಲ್ಲ ಮುಗಿಸಿ ವಜೂ ಮಾಡಿ ಮುಖ ಒರೆಸಿಕೊಂಡು ಬಂದರು. ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಆ ಬಿಸಿಲಲ್ಲಿ ದಾದಿ ಮಾ ತಡೆದುಕೊಂಡು ಕೂತರು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಮದುವೆಯ ಮರುದಿನ ಉರಿ, ಚಳಿ ಜ್ವರ. ಮೂತ್ರದ ಸೋಂಕು ಎಂದು ಗೊತ್ತಾಯಿತು. ವಲೀಮಾದ ಊಟಕ್ಕೆ ಎಲ್ಲರೂ ಕೂತಿದ್ದಾಗ ದಾದಿ ಮಾ ಒಳಗಿನ ಕೋಣೆಯಲ್ಲಿ ಎರಡು ಚಾದರ ಹೊದ್ದು ಮಲಗಿದ್ದರು.

ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಬಹಳ ಹೊತ್ತು ತಡೆದರೆ ರೋಗಾಣುಗಳು ಬೆಳೆಯಲು ಸಮಯ ಸಿಗುತ್ತದೆ, ಸಕ್ಕರೆ ಕಾಯಿಲೆ ಇದ್ದವರಿಗೆ ಈ ಸೋಂಕು ಇನ್ನೂ ಸುಲಭವಾಗಿ ತಗಲುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯೂ ಕಡಿಮೆ, ಆದ್ದರಿಂದ ಕೇಳಿ ಕುಡಿಯಲಿ ಎಂದು ಕಾಯಬಾರದು. ಮೂತ್ರದ ಬಣ್ಣ ಗಾಢ ಹಳದಿಯಾದರೆ ನೀರು ಸಾಲದು ಎಂದು ಅರ್ಥ. ಇದು ಅಜ್ಜಿಯಂದಿರ ವಿಷಯ ಮಾತ್ರ ಅಲ್ಲ. ಟ್ರಿಪ್ ದಿನ ನಮ್ಮ ತರಗತಿಯ ಹುಡುಗಿಯರು ಏನು ಮಾಡುತ್ತಾರೆ ಎಂದು ಹುಡುಗಿಯರಿಗೆಲ್ಲ ಗೊತ್ತು.

ಹಿಂದಿರುಗುವಾಗ ರಾತ್ರಿ ಬಸ್ಸು ಹಿಡಿದೆವು, ಟಿಕೆಟ್ ಕೊಟ್ಟೇ. ಶಕ್ತಿಯಲ್ಲಿ ಉಳಿಸಿದ್ದಕ್ಕಿಂತ ಎರಡು ಕಡೆಯ ವೈದ್ಯರು, ಔಷಧಿ, ಪರೀಕ್ಷೆಗೆ ಖರ್ಚಾದದ್ದು ಹೆಚ್ಚು ಎಂದು ಅಬ್ಬಾ ನನಗೆ ಹೇಳಲಿಲ್ಲ. ನಾನೇ ಕೂಡಿಸಿ ನೋಡಿದೆ. ಯೋಜನೆಯ ಮೇಲೆ ನನ್ನ ದೂರು ಏನೂ ಇಲ್ಲ. ಅದೇ ಬಸ್ಸಿನಲ್ಲಿ ಅಮ್ಮಿ ಈಗ ತಿಂಗಳಿಗೊಮ್ಮೆ ನಾನಿಯನ್ನು ನೋಡಿ ಬರುತ್ತಾರೆ. ಆ ಮೇ ತಿಂಗಳ ಮಧ್ಯಾಹ್ನ ಮಾತ್ರ ನನ್ನ ಲೆಕ್ಕ ತಪ್ಪು.

ಹೊರಡುವಾಗ ಚಾಚಿ ದೊಡ್ಡ ಡಬ್ಬಿಯಲ್ಲಿ ಬಿರಿಯಾನಿ ತುಂಬಿ ತಂದರು. ಅಮ್ಮಿ ಬೇಡ ಎಂದದ್ದಕ್ಕೆ ಚಾಚಿಗೆ ಬೇಸರವಾಯಿತು. ದಾರಿಯ ತೋಶಾ ಇಲ್ಲದೆ ಯಾರನ್ನೂ ಕಳುಹಿಸಿದವರಲ್ಲ ಅವರು. ಆದರೆ ಬೇಯಿಸಿದ ಅನ್ನ ಮಾಂಸ ಸೆಕೆಯಲ್ಲಿ ಗಂಟೆಗಟ್ಟಲೆ ಮುಚ್ಚಿಟ್ಟರೆ ಕೆಡುತ್ತದೆ. ಅನ್ನದಲ್ಲಿರುವ ಒಂದು ಬಗೆಯ ರೋಗಾಣು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. ಕೊನೆಗೆ ಪಕ್ಕದ ಮನೆಯ ಅಕ್ಕ ಜಗಳ ಬಗೆಹರಿಸಿದರು. ಕಟಕ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟರು. ತೇವವೇ ಇಲ್ಲದ್ದರಿಂದ ಆ ರೊಟ್ಟಿ ವಾರವಾದರೂ ಕೆಡುವುದಿಲ್ಲ. ಆ ಕಡೆಯ ಜನ ದೂರದ ದಾರಿಗೆ ಅದನ್ನೇ ಯಾಕೆ ಕಟ್ಟುತ್ತಾರೆ ಎಂದು ಆಗ ತಿಳಿಯಿತು. ಬಾಳೆಹಣ್ಣೂ ಒಳ್ಳೆಯದು, ಸಿಪ್ಪೆ ನಾವೇ ಸುಲಿಯುತ್ತೇವೆ. ಕತ್ತರಿಸಿ ಇಟ್ಟ ಕಲ್ಲಂಗಡಿ ಬೇಡ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಇನ್ನೆರಡು ಮಾತು. ಇನ್ಸುಲಿನ್ ಬಾಟಲಿಯನ್ನು ಬಸ್ಸಿನ ಡಿಕ್ಕಿಗೆ ಹಾಕುವ ಬ್ಯಾಗಿನಲ್ಲಿ ಇಡಬಾರದು, ಅಲ್ಲಿ ವಿಪರೀತ ಬಿಸಿ. ಐಸಿಗೆ ನೇರ ತಾಗಿಸಲೂಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಬಾಟಲಿಯನ್ನು ಸಣ್ಣ ಡಬ್ಬಿಗೆ ಹಾಕಿ ಡಬ್ಬಿಗೆ ಒದ್ದೆ ಬಟ್ಟೆ ಸುತ್ತಿ ಕೈಚೀಲದಲ್ಲಿ ಇಟ್ಟುಕೊಂಡರೆ, ಮಡಕೆಯ ನೀರು ತಂಪಾಗುವ ಹಾಗೆ ತಂಪಾಗಿರುತ್ತದೆ. ಮಾತ್ರೆ ಅಥವಾ ಇಂಜೆಕ್ಷನ್ ತೆಗೆದುಕೊಂಡ ಮೇಲೆ ಊಟ ತಪ್ಪಿಸಬಾರದು. ಅವರು ಇದ್ದಕ್ಕಿದ್ದಂತೆ ಬೆವೆತು, ನಡುಗಿ, ಅಸಂಬದ್ಧ ಮಾತಾಡಿದರೆ ಸೆಕೆಗೆ ಎಂದುಕೊಳ್ಳದೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ನೋಡಬೇಕು. ಎಚ್ಚರ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಆಸ್ಪತ್ರೆಗೇ ಹೋಗಬೇಕು.

ಬಸ್ಸಿನಲ್ಲಿ ವಾಂತಿ ಬರುವವರು ಮುಂದಿನ ಸೀಟಿನಲ್ಲಿ ಕೂತು ದೂರದ ರಸ್ತೆ ನೋಡಬೇಕು, ಮೊಬೈಲ್ ನೋಡಬಾರದು. ಕಿವಿಯೊಳಗಿನ ಸಮತೋಲನದ ಅಂಗ ಚಲಿಸುತ್ತಿದ್ದೇವೆ ಎನ್ನುತ್ತದೆ, ಮೊಬೈಲ್ ನೋಡುವ ಕಣ್ಣು ಇಲ್ಲ ಎನ್ನುತ್ತದೆ, ಮೆದುಳಿಗೆ ಗೊಂದಲ. ಕೂತಲ್ಲೇ ಪಾದ ಊದಿಕೊಳ್ಳುವ ಹಿರಿಯರಿಗೆ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಲು ಹೇಳಿ.

ರಂಜಾನಿನಲ್ಲಿ ದೂರ ಹೋಗುವವರಿಗೆ ಒಂದು ವಿಷಯ. ಪ್ರಯಾಣದಲ್ಲಿರುವವರಿಗೂ ಕಾಯಿಲೆಯವರಿಗೂ ರೋಜಾವನ್ನು ಬೇರೆ ದಿನಗಳಿಗೆ ಮುಂದೂಡುವ ಅವಕಾಶ ಕುರ್‌ಆನಿನಲ್ಲೇ, ಸೂರಾ ಬಖರಾದ 184 ಮತ್ತು 185ನೇ ಆಯತ್‌ಗಳಲ್ಲಿ ಇದೆ. ದಾದಿ ಮಾಗೆ ಇದು ಗೊತ್ತಿಲ್ಲದ್ದೇನಲ್ಲ, ನಮಗೆ ಹೇಳಿಕೊಟ್ಟವರೇ ಅವರು. ತಮ್ಮ ವಿಷಯಕ್ಕೆ ಬಂದಾಗ ಮಾತ್ರ ಕೇಳುವುದಿಲ್ಲ.

ಈ ರಜೆಯಲ್ಲಿ ಮತ್ತೆ ಕಲಬುರಗಿಗೆ ಹೋಗಲಿದ್ದೇವೆ, ಮದುವೆಯಾದ ಅಕ್ಕನಿಗೆ ಮಗುವಾಗಿದೆ. ರಾತ್ರಿ ಬಸ್ಸು. ಚೀಲದಲ್ಲಿ ಆರು ಪೊಟ್ಟಣ ಓಆರ್‌ಎಸ್, ಒಂದು ಚಮಚ, ಸೋಪು ಇಟ್ಟಿದ್ದೇನೆ. ಬಸ್ಸು ಎಲ್ಲೆಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿಯ ಶೌಚಾಲಯ ಚೆನ್ನಾಗಿದೆ ಎಂದು ಅಬ್ಬಾ ಆ ದಾರಿಯಲ್ಲಿ ಓಡಾಡುವ ಕಂಡಕ್ಟರ್ ಒಬ್ಬರನ್ನು ಕೇಳಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಾರೆ. ಉರ್ದುವಿನಲ್ಲಿ, ದೊಡ್ಡ ಅಕ್ಷರದಲ್ಲಿ. ದಾದಿ ಮಾ ಅದನ್ನು ಕನ್ನಡಕ ಹಾಕಿಕೊಂಡು ಓದಿ, ತಮ್ಮ ಬಟುವೆಯಲ್ಲಿ ಇಟ್ಟುಕೊಂಡರು.